ಬೆಳವಟಗಿ ಸರ್ ಬರೆದ ಕೊನೆಯ ಪ್ಯಾರಾ

ಕೈಮುಗಿಯುವ ಇಮೋಜಿ ಹಾಕುವ ಮೊದಲು ಇದನ್ನು ಪೂರ್ತಿ ಓದಿ... ಸ್ವಲ್ಪ ಖಾರವಾಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಬೆಳವಟಗಿ ಸರ್ ಅಂತ ಒಬ್ಬರು ಪ್ರವಾಸದ ಅಂಕಣ ಬರೆಯುತ್ತಿದ್ದರು. ಯಾರೂ ಕಾಲಿಡದ ಊರು, ಹೆಸರೇ ಇಲ್ಲದ ಗುಡ್ಡ... ಭಾನುವಾರ ಬಂತೆಂದರೆ ಜನ ಮೊದಲು ಅವರ ಪುಟವನ್ನೇ ತೆಗೆಯುತ್ತಿದ್ದರು.

ಒಂದು ಗುರುವಾರ ಗದಗದ ಬಸ್ ಸ್ಟ್ಯಾಂಡಿನಲ್ಲಿ, ಹೆಗಲಿಗೆ ಬ್ಯಾಗು ಹಾಕಿಕೊಂಡಿದ್ದಂತೆಯೇ, ಅವರ ಹೃದಯ ನಿಂತುಹೋಯಿತು. ಐವತ್ತೆರಡು ವರ್ಷ... ಅದೇನು ಸಾಯುವ ವಯಸ್ಸೇ?

ಶನಿವಾರ ಬೆಳಿಗ್ಗೆ ಆಫೀಸಿನಲ್ಲಿ ಸಂತಾಪ ಸಭೆ. ಹಿಂದಿನ ಸಾಲಿನಲ್ಲಿ ಸುಲಭಾ ಹಲ್ಲು ಕಚ್ಚಿ ಕುಳಿತಿದ್ದಳು. ಹನ್ನೊಂದು ವರ್ಷ ಸರ್ ಅಂಕಣವನ್ನು ತಿದ್ದಿ ಪುಟ ಕಟ್ಟಿದ ಉಪಸಂಪಾದಕಿ ಅವಳು.

ಮಾತಾಡಿದವರೆಲ್ಲ ಹೇಳಿದ್ದು ತಮ್ಮ ಬಗ್ಗೆಯೇ! ಒಬ್ಬರು ಸರ್ ಜೊತೆಗಿನ ಸೆಲ್ಫಿ ತೋರಿಸಿದರು. ಇನ್ನೊಬ್ಬರು ಫೋಟೊಗೆ ಎರಡೆರಡು ಸಲ ಹಾರ ಹಾಕಿದರು... ಮೊದಲನೇ ಸಲ ಮೊಬೈಲಿನಲ್ಲಿ ಸರಿಯಾಗಿ ಬಂದಿರಲಿಲ್ಲವಂತೆ. ಸುಲಭಾಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಗಟ್ಟಿ ದನಿ ಕೇಳಿತು.

"ಭಾಳ ದೊಡ್ಡ ಮನಷ್ಯಾ ಅಂತೀರಲ್ಲ... ನನಗ ಮೋಸ ಮಾಡ್ಯಾನ ಆತ!"

ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಅಂಬಿಗ, ಮುದುಕ ದ್ಯಾಮಣ್ಣ. ಪೇಪರಿನಲ್ಲಿ ಸರ್ ಫೋಟೊ ನೋಡಿ ಬಸ್ ಹತ್ತಿ ಬಂದಿದ್ದ. ಅಳುವುದಕ್ಕಲ್ಲ... ಬೈಯುವುದಕ್ಕೆ.

"ಹೊಳಿ ನಡುಗಡ್ಡಿ ಮ್ಯಾಲಿನ ಕಲ್ಲಿನ ಮಂಟಪ ತೋರ್ಸಿದಾಂವ ನಾನು! ನನ್ನ ಮನ್ಯಾಗ ರೊಟ್ಟಿ ತಿಂದು, ನಿನ್ನ ಹೆಸರು ಬರೀತೀನಿ ಅಂದ. ನಾನು ಊರಿಗೆಲ್ಲ ಹೇಳಿಕೊಂಡು ಅಡ್ಡಾಡಿದೆ. ಪೇಪರ್‌ನ್ಯಾಗ ನನ್ನ ಹೆಸರೇ ಇಲ್ಲ! ಜನ ನಕ್ರು. ಅದನ್ನ ಓದಿ ಮಂದಿ ಬರಾಕತ್ತಿದ ಮ್ಯಾಲೆ ಈಗ ಮೋಟಾರ್ ಬೋಟಿನವ್ರು ಬಂದಾರ. ನನ್ನ ಹೊಳಿ ದಂಡಿಗೆ ನನಗೇ ನಿಲ್ಲಾಕ ಬಿಡವಲ್ರು. ನೀ ಯಾರು ಅಂತ ಕೇಳ್ತಾರ!"

ಸುಲಭಾ ತಡೆಯಲಾರದೆ ಎದ್ದು ನಿಂತಳು.

"ಅಜ್ಜಾ, ಸತ್ತವ್ರ ಬಗ್ಗೆ ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ. ನಮ್ಮ ಸರ್ ಮಾತು ತಪ್ಪಾವ್ರಲ್ಲ!"

"ಹಂಗಾರ ತೋರ್ಸವಾ, ಎಲ್ಲೈತಿ ನನ್ನ ಹೆಸರು?"

"ತೋರಿಸ್ತೀನಿ, ಬರ್ರಿ!"

ಅವನನ್ನು ತನ್ನ ಕಂಪ್ಯೂಟರಿನ ಮುಂದೆ ಕೂರಿಸಿದಳು. ಅಚ್ಚಾದ ಪುಟ ತೆಗೆದಳು... ಹೆಸರು ಇರಲಿಲ್ಲ. ಆಮೇಲೆ ಸರ್ ಕಳಿಸಿದ ಮೂಲ ಇಮೇಲ್ ತೆರೆದಳು. ಕೊನೆಯ ಪ್ಯಾರಾ ಹೀಗಿತ್ತು...

'ಈ ಮಂಟಪ ನಾನು ಕಂಡುಹಿಡಿದದ್ದಲ್ಲ. ತೋರಿಸಿದವರು ಅಂಬಿಗ ದ್ಯಾಮಣ್ಣ. ನೀವು ಹೋದರೆ ಅವರ ಹರಿಗೋಲಿನಲ್ಲೇ ಹೋಗಿ. ಎಲ್ಲಿ ಸುಳಿ ಇದೆ ಎಂದು ಬಲ್ಲವರು ಅವರೊಬ್ಬರೇ.'

ಸುಲಭಾ ಅದನ್ನು ಮತ್ತೊಮ್ಮೆ ಓದಿದಳು.

ಪತ್ರಿಕೆಗಳಲ್ಲಿ ಒಂದು ರೂಢಿ ಇದೆ. ಜಾಹೀರಾತು ಬಂದು ಜಾಗ ಸಾಲದಾದರೆ ಲೇಖನವನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಮುಖ್ಯವಾದದ್ದೆಲ್ಲ ಮೇಲೆಯೇ ಇರುತ್ತದೆ ಅಂತ ನಂಬಿಕೆ.

ಬೆಳವಟಗಿ ಸರ್ ಮಾತ್ರ ದಾರಿ ತೋರಿಸಿದವರ, ಊಟ ಹಾಕಿದವರ ಹೆಸರುಗಳನ್ನು ಕೊನೆಯಲ್ಲೇ ಬರೆಯುತ್ತಿದ್ದರು. "ಉಂಡ ಮ್ಯಾಲೆ ಅಲ್ಲೇನವಾ, ಉಣಿಸಿದವ್ರಿಗೆ ಕೈಮುಗಿಯೋದು?" ಎನ್ನುತ್ತಿದ್ದರು.

ಎಷ್ಟೋ ಸಲ ಫೋನ್ ಮಾಡಿ ಕೇಳಿಕೊಂಡಿದ್ದರು... "ಸುಲಭಾ, ಕೊನೀ ಪ್ಯಾರಾ ಒಂದು ಉಳಸವಾ."

"ಆ ಹೆಸರು ಯಾರು ಓದ್ತಾರ್ರಿ ಸರ್?" ಅಂತ ಇವಳು ನಕ್ಕು ಫೋನ್ ಇಡುತ್ತಿದ್ದಳು, ಕತ್ತರಿಸಿದ್ದನ್ನು ಅವತ್ತೇ ಮರೆಯುತ್ತಿದ್ದಳು!

ಮತ್ತೊಂದು ಇಮೇಲ್ ತೆರೆದಳು, ಇನ್ನೊಂದು ತೆರೆದಳು... ಗುಹೆಗೆ ಕರೆದೊಯ್ದ ಕುರಿಗಾಹಿ, ಕೋಟೆಯ ಮೇಲೆ ಮಜ್ಜಿಗೆ ಕೊಟ್ಟ ಮುದುಕಿ, ಕೆಟ್ಟ ಬೈಕು ತಳ್ಳಿದ ಮೇಷ್ಟ್ರು. ಎಲ್ಲರನ್ನೂ ಕತ್ತರಿಸಿದ್ದು ಇದೇ ಕೈ. ಅಲ್ಲಿಯವರೆಗೆ ಉಳಿದವರ ಮೇಲಿದ್ದ ಸಿಟ್ಟೆಲ್ಲ ಅವಳ ಮೇಲೆಯೇ ತಿರುಗಿತು.

ದ್ಯಾಮಣ್ಣನ ಹೆಸರಿದ್ದ ಪ್ಯಾರಾವನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿದಳು. "ಸರ್ ಬರೆದಿದ್ರು ಅಜ್ಜಾ... ತೆಗೆದು ಬಿಸಾಕಿದ್ದು ನಾನು."

ದ್ಯಾಮಣ್ಣ ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡ.

"ಹೆಸರು ಯಾಕ ಬರಲಿಲ್ಲ ಅಂತ ನಾ ಕೇಳಿದಾಗ ನಿಮ್ಮ ಸರ್ 'ತಪ್ಪು ನಂದು ದ್ಯಾಮಣ್ಣ' ಅಂದಿದ್ರವ್ವಾ. ನಿನ್ನ ಹೆಸರು ಎತ್ತಲಿಲ್ಲ. ಮತ್ತ ಮಾರಿ ತೋರಿಸಬ್ಯಾಡ ಅಂತ ಬೈದು ಕಳಿಸಿದೆ... ಇನ್ನ ಯಾರ ಮುಂದ ಹೋಗಿ ತಪ್ಪಾತು ಅನ್ಲಿ?"

ಟವಲಿನಲ್ಲಿ ಮುಖ ಮುಚ್ಚಿಕೊಂಡು ಮುದುಕ ಬಿಕ್ಕಿ ಬಿಕ್ಕಿ ಅತ್ತ. ಅವಳನ್ನು ಕ್ಷಮಿಸಿದೆ ಅಂತ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಅವತ್ತು ಮಧ್ಯಾಹ್ನ ಶ್ರದ್ಧಾಂಜಲಿ ಪುಟ ಕಟ್ಟುವಾಗ ಸುಲಭಾ ಆ ಹೆಸರುಗಳನ್ನೆಲ್ಲ ಹುಡುಕಿ ಪುಟದ ಕೆಳಗೆ ಹಾಕಿದಳು. ಮೇಲೆ ಸಂಪಾದಕರೇ ಬರೆದ 'ನಾನು ಕಂಡ ಬೆಳವಟಗಿ' ಇತ್ತು.

ನಾಲ್ಕು ಗಂಟೆಗೆ ಜಾಹೀರಾತು ಬಂತು. "ಕೆಳಗಿಂದ ಕಟ್ ಮಾಡಿಬಿಡಿ" ಎಂದರು ಸಂಪಾದಕರು.

ಸುಲಭಾ ಮೇಲಿನಿಂದ ಕತ್ತರಿಸಿದಳು... ಸಂಪಾದಕರ ಹೆಸರೂ ಹೋಯಿತು.

"ಏಯ್... ಅದು ನನ್ನ ಲೇಖನ!"

"ಹೌದು ಸರ್. ಹೆಸರು ಹೋದ್ರ ಹೆಂಗ ಉರೀತದ ಅಂತ ನಿಮಗೂ ಗೊತ್ತಾಗಲಿ. ಬೇಕಾದ್ರ ನನ್ನನ್ನ ಕೆಲಸದಿಂದ ತೆಗೀರಿ, ಈ ಹೆಸರು ಮಾತ್ರ ತೆಗೆಯಂಗಿಲ್ಲ."

ಇಡೀ ಡೆಸ್ಕ್ ಅವರತ್ತ ತಿರುಗಿ ನೋಡಿತು. ಸಂಪಾದಕರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರ ಪುಟ ಹಾಗೆಯೇ ಬಂತು. ಮೊದಲ ಹೆಸರು ಅಂಬಿಗ ದ್ಯಾಮಣ್ಣನದು. ಎಲ್ಲಕ್ಕಿಂತ ಕೆಳಗೆ ಇನ್ನೊಂದು ಸಾಲಿತ್ತು...

'ಹನ್ನೊಂದು ವರ್ಷ ಈ ಹೆಸರುಗಳನ್ನು ಕತ್ತರಿಸಿದವಳು: ಸುಲಭಾ, ಉಪಸಂಪಾದಕಿ.'

*

ಸತ್ತವರ ಫೋಟೊಗೆ ಹಾರ ಹಾಕುವುದು ಸುಲಭ... ಅವರು ನೆನೆದವರನ್ನು ನೆನೆಯುವುದೇ ನಿಜವಾದ ಶ್ರದ್ಧಾಂಜಲಿ.

ಹೌದು, ನೀವು ಎಲ್ಲರಿಗೂ ಹೇಳಿಕೊಂಡು ಬಂದಿರುವ ನಿಮ್ಮ ಗೆಲುವಿನ ಕಥೆಯಲ್ಲಿ... ಯಾರ ಹೆಸರನ್ನು ಕತ್ತರಿಸಿದ್ದೀರಿ?