ಬಸ್ಸಪ್ಪ ಹಚ್ಚಿದ ಮೊದಲ ಬತ್ತಿ

ಬಸ್ಸಪ್ಪ ಲಿಂಗಸುಗೂರಿಗೆ ಹೋಗಿ ಗುತ್ತೇದಾರನ ಕಿವಿ ಊದಿ ಬಂದಿದ್ದಾನೆ ಎಂಬ ಸುದ್ದಿ ಅವನಿಗಿಂತ ಮೊದಲೇ ಮಸ್ಕಿಯ ಕಲ್ಲುಗಣಿ ಸೇರಿತ್ತು. ಏನು ಊದಿದ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೇನು, ಆಡುವ ಬಾಯಿಗಳಿಗೆ ಬರವೇ? ಮೇಸ್ತ್ರಿ ಶಾಮೀದಸಾಬ ಸಿಡಿಮದ್ದು ಕದ್ದು ಮಾರುತ್ತಾನೆಂದು ಚಾಡಿ ಹೇಳಿರಬೇಕು ಎಂದರು ಕೆಲವರು. ಮುದುಕನ ಕೈ ನಡುಗುತ್ತದೆ ಎಂದಿರಬೇಕು ಎಂದರು ಉಳಿದವರು. ಅಂತೂ ಗುತ್ತೇದಾರ ಅಮರಗುಂಡಪ್ಪನ ಹುಕುಂ ಬಂದೇ ಬಂತು. ಗುರುವಾರದಿಂದ ಬತ್ತಿ ಹಚ್ಚುವವನು ಬಸ್ಸಪ್ಪ. ಶಾಮೀದಸಾಬ ಕುಳಿ ಕೊರೆಸಿ ಮದ್ದು ತುಂಬಿಸಿದರೆ ಸಾಕು.

ಅದು ಐವತ್ತೆರಡನೆಯ ಇಸವಿ. ಸಿಂಧನೂರಿನ ಕಡೆ ಕಾಲುವೆ ಕೆಲಸ ನಡೆದಿತ್ತು. ಅದರ ಸೇತುವೆಗಳಿಗೆ ಈ ಗುಡ್ಡದ ಕಲ್ಲು ಹೋಗುತ್ತಿತ್ತು. ಕುಳಿಗೆ ಮದ್ದು ಜಡಿದು, ಬತ್ತಿ ಹಚ್ಚಿ, ಓಡಿಬಂದು ಬಂಡೆಯ ಮರೆಗೆ ಸೇರುವವನಿಗೆ ಗಣಿಯಲ್ಲಿ ದೊಡ್ಡ ಮರ್ಯಾದೆ. ಬಸ್ಸಪ್ಪನದು ಅಂಥ ಕೆಲಸವಲ್ಲ. ಗುಡ್ಡದ ಆಚೆ ಮಗ್ಗುಲಿಗೆ, ಊರಿನಿಂದ ಗಣಿಗೆ ಬರುವ ದಾರಿಯಲ್ಲಿ, ಗಣಿಯಿಂದ ಕಣ್ಣಿಗೆ ಬೀಳದ ತಿರುವಿನಲ್ಲಿ, ಬತ್ತಿ ಹಚ್ಚುವ ಹೊತ್ತಿಗೆ ಕೆಂಪು ಬಟ್ಟೆ ಕಟ್ಟಿದ ಕೋಲು ಹಿಡಿದು ನಿಲ್ಲುವುದು. ಅವನು ಕಂಡರೆ ಮಂದಿ ನಿಲ್ಲುತ್ತಿದ್ದರು, ಕಾಣದಿದ್ದರೆ ನಡೆಯುತ್ತಿದ್ದರು. ಅಷ್ಟಕ್ಕೇ ಮುಗಿಯಿತು ಅವನ ದರ್ಬಾರು.

ಕಲ್ಲು ಹೊರುವ ಹೆಂಗಸರು ಅವನಿಗೆ ಬೆರ್ಚಪ್ಪ ಎಂದು ಹೆಸರಿಟ್ಟಿದ್ದರು. ಹೊಲದಲ್ಲಿ ಹಕ್ಕಿ ಬೆದರಿಸಲು ನಿಲ್ಲಿಸುತ್ತಾರಲ್ಲ, ಅದೇ. ಅವನ ಹೆಂಡತಿ ಆದೆಮ್ಮ ಅದೇ ಹೆಂಗಸರ ನಡುವೆ ಬುಟ್ಟಿ ಹೊರುವವಳು. ಕೇಳಿ ಕೇಳಿ ಅವಳ ಹೊಟ್ಟೆ ಉರಿದುಹೋಗಿತ್ತು. ಒಂದು ದಿನ ರೊಟ್ಟಿ ಬಡಿಯುತ್ತಲೇ ಅಂದಳು, “ಯಾರರ ಬಂದು ಕೈ ಹಿಡಿದು ಮ್ಯಾಲೆ ಎತ್ತತಾರಂತ ನಿಂತೀಯೇನು? ಯಾರೂ ಬರಂಗಿಲ್ಲ. ನೀನ ಹೋಗಿ ಕೇಳು.”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅವಳಿಗೆ ಗಂಡನೆಂದರೆ ಜೀವ. ಆ ಜೀವವನ್ನು ನಾಲ್ಕು ಮಂದಿ ಆಡಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಬಸ್ಸಪ್ಪ ಮೊದಲು ಕೇಳಿದ್ದು ಶಾಮೀದಸಾಬನನ್ನೇ. ನನಗೂ ಬತ್ತಿ ಹಚ್ಚುವುದು ಕಲಿಸು ಎಂದಿದ್ದ. ಕಲಿಸಿದ್ದೂ ಆಯಿತು. ಆದರೆ ಕೆಲಸ ಮಾತ್ರ ಸಾಬ ಬಿಟ್ಟುಕೊಡಲಿಲ್ಲ. “ನೀ ಅಲ್ಲಿ ನಿಂತರನ ನಂಗ ಇಲ್ಲಿ ಧೈರ್ಯ,” ಎಂದು ನಕ್ಕ. ಬೆಣ್ಣೆ ಸವರಿ ಮೂಲೆಗೆ ಕೂರಿಸುವ ಮಾತು ಇದು ಎಂದುಕೊಂಡ ಬಸ್ಸಪ್ಪ. ಮುದುಕ ದಣಿಯಲಿ ಎಂದು ಕಾದ. ಮುದುಕ ದಣಿಯಲಿಲ್ಲ. ಆಗಲೇ ಅವನು ಲಿಂಗಸುಗೂರಿನ ದಾರಿ ಹಿಡಿದದ್ದು. ಅಮರಗುಂಡಪ್ಪ ಅವನ ಮಾತು ಕೇಳಿ ಖುಷಿಯಾಗಿ, ಚಹಾ ತರಿಸಿ ಕುಡಿಸಿದನಂತೆ. ಬಂದವರಿಗೆ ನೀರು ಕೊಡಲೂ ಹಿಂದೆ ಮುಂದೆ ನೋಡುವ ಆಸಾಮಿ ಅವನು.

ಗುರುವಾರ ಬಂತು. ಆದೆಮ್ಮ ಕೆಲಸಕ್ಕೆ ಬರಲಿಲ್ಲ. ನೀನು ಬೆಂಕಿ ಹಿಡಿದು ನಿಂತದ್ದು ನೋಡಿದರೆ ನನ್ನ ಎದೆ ಒಡೆದೀತು, ಮನೆಯಲ್ಲೇ ದೇವರ ಮುಂದೆ ಕೂತಿರುತ್ತೇನೆ ಎಂದಿದ್ದಳು. ಗಂಡನ ತಲೆಗೆ ಹೊಸ ರುಮಾಲನ್ನು ತಾನೇ ಸುತ್ತಿ ಕಳಿಸಿದ್ದಳು.

ಬತ್ತಿ ಕತ್ತರಿಸಿ ಕೊಟ್ಟವನು ಶಾಮೀದಸಾಬ. ಗಣಿಯವರ ಕಣ್ಣೆಲ್ಲ ಆ ಬತ್ತಿಯ ಮೇಲೆ. ಕೆಲಸ ಕಳೆದುಕೊಂಡ ಮುದುಕ ಗೇಣುದ್ದ ಕಡಿಮೆ ಕತ್ತರಿಸಿದರೆ ಸಾಕು, ಬಸ್ಸಪ್ಪ ಓಡುವ ಮೊದಲೇ ಮದ್ದು ಸಿಡಿಯುತ್ತದೆ. ಬಸ್ಸಪ್ಪನಿಗೂ ಅದೇ ಅನುಮಾನ. ಬತ್ತಿಯನ್ನು ತೋಳಿಗೆ ಹಿಡಿದು ಅಳೆದ, ಮತ್ತೆ ಅಳೆದ. ಸಾಬನ ಮುಖ ಸಣ್ಣದಾಯಿತು. ಆದರೂ ಕೇಳುವುದನ್ನು ಕೇಳಿದ.

“ದಾರಿ?”

“ನಾ ನೋಡಿಕೊಂಡೀನಿ,” ಎಂದ ಬಸ್ಸಪ್ಪ.

ಎಲ್ಲರೂ ಮರೆಗೆ ಸರಿದರು. ಬಸ್ಸಪ್ಪ ಬತ್ತಿಗೆ ಕಿಡಿ ತಾಗಿಸಿ ಓಡಿದ. ನಡುವೆ ಎಡವಿ ಬಿದ್ದ. ಹೆಂಗಸರು ಸತ್ತೇಹೋದ ಎಂದು ಮುಖ ಮುಚ್ಚಿಕೊಂಡರು. ಎದ್ದ, ಮೊಣಕಾಲು ಸುಲಿದುಕೊಂಡೇ ಬಂಡೆಯ ಹಿಂದೆ ಬಂದು ಬಿದ್ದ. ಆಮೇಲೆ ಗುಡ್ಡ ಹಾರಿತು.

ಅಂಥ ಹೊಡೆತ ಆ ಗಣಿ ಕಂಡಿರಲಿಲ್ಲ. ಬತ್ತಿಯಲ್ಲಿ ಮೋಸವಿರಲಿಲ್ಲ. ಧೂಳು ಇಳಿದಾಗ ಬೆರ್ಚಪ್ಪ ಎಂದ ಹೆಂಗಸರೇ “ಮೇಸ್ತ್ರಿ, ಮೇಸ್ತ್ರಿ” ಎಂದು ಕೂಗಿ ನಕ್ಕರು. ಬಸ್ಸಪ್ಪನಿಗೆ ಕಣ್ಣು ತುಂಬಿ ಬಂತು. ನಿಂತು ನಿಂತು ಎಷ್ಟು ವರ್ಷ ಹಾಳು ಮಾಡಿಕೊಂಡೆ, ಮೊದಲೇ ಕಾಲು ಕಿತ್ತಿದ್ದರೆ ಎಂದೋ ಮನುಷ್ಯನಾಗುತ್ತಿದ್ದೆ ಎನಿಸಿತು. ಇವತ್ತು ಆದೆಮ್ಮನ ಎದುರು ಎದೆಯೆತ್ತಿ ನಿಲ್ಲಬಹುದು.

ದಾರಿಯ ಕಡೆ ಹೋಗಿದ್ದ ಶಾಮೀದಸಾಬ ಆಗ ತಿರುಗಿ ಬಂದ. ಕೈಗಳಿಗೆಲ್ಲ ಮಣ್ಣು.

“ತಿರುವಿನ್ಯಾಗ ಯಾರನ್ನ ನಿಲ್ಲಿಸಿದ್ದಿ?”

ಬಸ್ಸಪ್ಪ ಹೊಸ ರುಮಾಲು ಸರಿಮಾಡಿಕೊಂಡ. ಮುಚ್ಚಿಡುವಂಥದ್ದು ಏನಿದೆ? ಗುತ್ತೇದಾರನ ಮುಂದೆ ಆಡಿದ ಮಾತನ್ನೇ ಇಲ್ಲಿಯೂ ಆಡಿದ.

“ಯಾರನ್ನೂ ಇಲ್ಲ. ಇಷ್ಟು ವರ್ಷ ನಾ ನಿಂತೀನಿ, ಯಾರಿಗರ ಏನರ ಆಗೇತೇನು? ಅಲ್ಲಿ ಆಳು ದಂಡ ಅಂತ ನಾನ ಹೇಳಿದೆ. ಗುತ್ತೇದಾರರಿಗೆ ಒಂದಾಳಿನ ಕೂಲಿ ಉಳೀತು, ನಂಗ ಈ ಕೆಲಸ ಸಿಕ್ತು.”

ಶಾಮೀದಸಾಬ ಅವನ ಮುಖವನ್ನೇ ನೋಡಿದ.

“ಹಂಗಾರ ಬಾ,” ಎಂದ. “ಆದೆಮ್ಮನ ಮ್ಯಾಲಿನ ಕಲ್ಲು ಎತ್ತಾಕ ನನ್ನೊಬ್ಬನ ಕೈಲೆ ಆಗವಲ್ದು.”