ಎರಡು ಬೆರಳು ಜಾಸ್ತಿ

"ಖುಷಿಪಡಿ, ನಿಮ್ಮ ಮಗಳು ಬೆಳೆದಿದ್ದಾಳೆ. ಇನ್ಮೇಲೆ ಇಂಜೆಕ್ಷನ್ ಸಿಗಲ್ಲ," ಎಂದು ನರ್ಸ್ ಫೈಲು ಮುಚ್ಚಿದಳು.

ಟೈಲರ್ ಹೆಂಗಸಿಗೆ ಮೈಯೆಲ್ಲ ಉರಿದುಹೋಯಿತು. ಮಗಳಿಗೆ ಹನ್ನೆರಡು ತುಂಬಿದೆ, ಹಾಕಿಕೊಳ್ಳುವುದು ಒಂಬತ್ತು ವರ್ಷದ ಮಕ್ಕಳ ಫ್ರಾಕು. ಕಿಡ್ನಿ ಕೈಕೊಟ್ಟಲ್ಲಿಂದ ಅವಳ ಒಂದು ಬಟ್ಟೆಯ ಅಂಚನ್ನೂ ಬಿಚ್ಚಿ ಉದ್ದ ಮಾಡುವ ಭಾಗ್ಯ ಈ ತಾಯಿಗೆ ಬಂದಿಲ್ಲ. ಅತ್ತೆಯಂತೂ "ಮಗೂಗೆ ಹೊಟ್ಟೆತುಂಬ ಹಾಕಲ್ಲ" ಎಂದು ಕಂಡಕಂಡವರ ಮುಂದೆ ಡಂಗುರ ಸಾರಿದ್ದಾಳೆ. ಈಗ ಬೆಳವಣಿಗೆಯ ಇಂಜೆಕ್ಷನ್ ಶುರುವಾಗಿ ಮೂರೇ ತಿಂಗಳು. ಚಾರ್ಟಿನಲ್ಲಿ ಆಯಾ ವಯಸ್ಸಿಗೆ ಹಾಕಿದ ಗೆರೆಗಿಂತ ಎತ್ತರ ಕಡಿಮೆ ಇದ್ದರೆ ಮಾತ್ರ ಅದನ್ನು ಕೊಡಬೇಕೆಂದು ಆಸ್ಪತ್ರೆಯ ನಿಯಮ. ಮಗಳು ಆ ಗೆರೆಗಿಂತ ಎರಡು ಬೆರಳು ಜಾಸ್ತಿಯಂತೆ!

"ಇನ್ನೊಂದ್ಸಲ ಅಳೀರಿ."

"ನಾನೇನು ಕಣ್ಮುಚ್ಕೊಂಡು ಅಳೆದ್ನಾ? ಹೊರಗೆ ನಲವತ್ತು ಜನ ಕಾಯ್ತಿದ್ದಾರೆ. ಎಲ್ಲಾ ತಾಯಂದಿರೂ ಮಕ್ಕಳು ಬೆಳೀಲಿ ಅಂತಾರೆ. ನಿಮಗೆ ಮಗಳು ಗಿಡ್ಡಗಿದ್ರೇನೇ ಸಮಾಧಾನಾನಾ?"

"ನಾಲಿಗೆ ಬಿಗಿಹಿಡಿದು ಮಾತಾಡಿ! ಅಳತೆ ತಗೊಂಡೇ ಹೊಟ್ಟೆ ಹೊರೀತಿರೋಳು ನಾನು. ಒಂದು ಬೆರಳು ಹೆಚ್ಚುಕಮ್ಮಿ ಆದ್ರೆ ಗಿರಾಕಿಗಳು ಬಟ್ಟೆ ಮುಖಕ್ಕೆ ಎಸೀತಾರೆ. ನಿಮ್ಮನ್ನ ಕೇಳೋರೇ ಇಲ್ವಾ?"

ನರ್ಸ್ ಗೊಣಗುತ್ತ ಹುಡುಗಿಯನ್ನು ಮತ್ತೆ ಗೋಡೆಗೆ ಒರಗಿಸಿದಳು. ಈ ಸಲವೂ ಅದೇ ಅಂಕಿ. ಅಳತೆ ಕೊಡುವಾಗ ಯಾರೂ ಇದ್ದ ಹಾಗೆ ನಿಲ್ಲುವುದಿಲ್ಲ, ಹೊಟ್ಟೆ ಬಂದವರು ಉಸಿರು ಬಿಗಿಹಿಡಿಯುತ್ತಾರೆ ಎಂಬುದು ಟೈಲರ್‌ಗೆ ಗೊತ್ತು. ಅವಳು ಕುಕ್ಕರಗಾಲಲ್ಲಿ ಕುಳಿತು ಮಗಳ ಪಾದ ನೋಡಿದಳು. ಮಗಳು ತುದಿಗಾಲಲ್ಲಿ ನಿಂತಿದ್ದಳು. ಮೀನಖಂಡಗಳು ಗಡಗಡ ನಡುಗುತ್ತಿದ್ದವು.

"ಸುಮ್ನಿರಮ್ಮ," ಎಂದು ಹುಡುಗಿ ಪಿಸುಗುಟ್ಟಿದಳು. "ಕ್ಲಾಸಲ್ಲಿ ಎಲ್ರೂ ನನ್ನನ್ನ ಪಾಪು ಅಂತಾರೆ. ಬೆಳೆದಿದ್ದೀನಿ ಅಂತ ಒಂದ್ಸಲ ಬರ್ಕೊಳ್ಳಲಿ."

ತಾಯಿಗೆ ಸಿಟ್ಟು ನೆತ್ತಿಗೇರಿತು. ಮಗುವಿನ ಕಾಲು ನೋಡದೆ ಅಂಕಿ ಬರೆದ ನರ್ಸಿನ ಮೇಲೆ, ಪಾಪು ಎಂದು ಕರೆದವರ ಮೇಲೆ, ಬೆಳೆಯಬೇಕಾದರೆ ಗಿಡ್ಡಗಿದ್ದೇನೆಂದು ಮೊದಲು ಸಾಬೀತು ಮಾಡು ಎನ್ನುವ ಆ ಹಾಳು ನಿಯಮದ ಮೇಲೆ.

ಅವಳು ಎದ್ದು ನಿಂತು ಮಗಳ ಎರಡೂ ಹೆಗಲ ಮೇಲೆ ಕೈಯಿಟ್ಟಳು. ಹಿಮ್ಮಡಿ ನೆಲಕ್ಕೆ ತಾಗುವವರೆಗೂ ಕೆಳಕ್ಕೆ ಒತ್ತಿದಳು.

"ಹೂಂ, ಈಗ ಬರ್ಕೊಳ್ಳಿ."