ಅಜ್ಜಿಯರ ಪಾಳಿ

ಮೊಸರನ್ನದ ತುತ್ತು ಬಾಯಿಯ ಹತ್ತಿರ ಬರುವಷ್ಟರಲ್ಲಿ ಚಿರಂತನ್ ತುಟಿ ಬಿಗಿದುಕೊಂಡ.

"ಮೈಸೂರು ಅಜ್ಜಿ ಇದ್ರಲ್ಲಿ ದಾಳಿಂಬೆ ಹಾಕ್ತಾರೆ."

ವಿದ್ಯಾವತಿಯ ಕೈ ಗಾಳಿಯಲ್ಲೇ ನಿಂತಿತು. ಮೌಂಟ್ ವರ್ನನ್‌ನ ಪಾರ್ಕಿಂಗ್ ಜಾಗದಲ್ಲಿ, ಕಾರಿನ ಹಿಂಬಾಗಿಲು ಎತ್ತಿಟ್ಟುಕೊಂಡು, ಮೊಮ್ಮಕ್ಕಳಿಬ್ಬರಿಗೆ ಉಣ್ಣಿಸುತ್ತಿದ್ದಳು. ನಾಲ್ಕು ವರ್ಷದ ರಚನಾ ಕೊಟ್ಟದ್ದನ್ನೆಲ್ಲ ನುಂಗುವ ಮಗು. ಆರು ವರ್ಷದ ಇವನದೇ ತಕರಾರು.

"ದಾಳಿಂಬ್ರಿ ಈ ದಾರ್‍ಯಾಗ ಎಲ್ಲಿಂದ ತರ್ಲೋ ಮಗಾ? ತಿನ್ನು."

ವರ್ಷದಲ್ಲಿ ಆರು ತಿಂಗಳು ಧಾರವಾಡದಿಂದ ವಿದ್ಯಾವತಿ, ಇನ್ನಾರು ತಿಂಗಳು ಮೈಸೂರಿನಿಂದ ಸೊಸೆಯ ತಾಯಿ ಕಾತ್ಯಾಯಿನಿ. ಅಮೆರಿಕದ ಮಾರಿಸ್‌ವಿಲ್‌ನ ಮನೆಯಲ್ಲಿ ಮಕ್ಕಳು ಬೆಳೆದದ್ದೇ ಹೀಗೆ. ವಿಸಿಟರ್ ವೀಸಾ ಅದಕ್ಕಿಂತ ಹೆಚ್ಚು ಇರಗೊಡುತ್ತಿರಲಿಲ್ಲ. ಒಬ್ಬಳು ಹೊರಟ ಮೇಲೆ ಇನ್ನೊಬ್ಬಳು ಬರುವುದು. ಮಗ-ಸೊಸೆಯ ಮದುವೆಯಾದ ಮೇಲೆ ಬೀಗಿತ್ತಿಯರಿಬ್ಬರೂ ಮುಖ ನೋಡಿಕೊಂಡಿರಲಿಲ್ಲ. ಹಬ್ಬಕ್ಕೆ ಫೋನಿನಲ್ಲಿ ಎರಡು ಮಾತು, ಅಷ್ಟೆ.

ಕಾಣದಿದ್ದರೇನು, ಆ ಹೆಂಗಸು ಮನೆ ತುಂಬ ಇದ್ದಳು. ಮೈಸೂರು ಅಜ್ಜಿ ಕೋಡುಬಳೆಯನ್ನು ಇಂಗ್ಲಿಷ್ ಅಕ್ಷರದ ಆಕಾರದಲ್ಲಿ ಕರೆಯುತ್ತಾಳಂತೆ. ಹಾಲು ಕುಡಿ ಎಂದು ಬೆನ್ನು ಹತ್ತುವುದಿಲ್ಲವಂತೆ. ಪಾರ್ಕಿನಲ್ಲಿ ಜಾರುಬಂಡೆಯ ಮೇಲಿಂದ ಜಾರುತ್ತಾಳಂತೆ. ಈ ಪಾಳಿಯಲ್ಲಿ ಅದನ್ನು ಕೇಳಿದ ಮರುದಿನವೇ ವಿದ್ಯಾವತಿ ಸೀರೆ ಎತ್ತಿ ಸಿಕ್ಕಿಸಿ, ಬೆಂಚಿನ ಮೇಲಿದ್ದ ಚೀನೀ ಅಜ್ಜಿಯರೆಲ್ಲ ಬಾಯಿ ತೆರೆದು ನೋಡುತ್ತಿದ್ದಂತೆ, ಜೀವನದಲ್ಲಿ ಮೊದಲ ಸಲ ಜಾರಿದ್ದಳು. ವಾರಗಟ್ಟಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡಿದ್ದಳು. ಚಿರಂತನ್ ಹೇಳಿದ್ದು ಇಷ್ಟೇ: "ಮೈಸೂರು ಅಜ್ಜಿ ಎರಡು ಸಲ ಜಾರ್ತಾರೆ."

ಈ ಸಲ ವಿಮಾನಗಳ ಹೊತ್ತು ಕೂಡಿಬಂದಿತ್ತು. ಮಧ್ಯಾಹ್ನ ರಾಜಧಾನಿಯ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಕಾತ್ಯಾಯಿನಿ ಇಳಿಯುವಳು, ಸಂಜೆ ಅಲ್ಲಿಂದಲೇ ವಿದ್ಯಾವತಿ ಹತ್ತುವಳು. ದಾರಿಯಲ್ಲಿ ಮಕ್ಕಳಿಗೆ ಮೌಂಟ್ ವರ್ನನ್, ಅಂದರೆ ಅಮೆರಿಕದ ಮೊದಲನೆಯ ಅಧ್ಯಕ್ಷ ವಾಷಿಂಗ್ಟನ್ನರ ಮನೆ, ತೋರಿಸೋಣವೆಂದು ಮಗ ಶರಣ ಬೆಳಕು ಹರಿಯುವ ಮೊದಲೇ ಹೊರಡಿಸಿದ್ದ. ರಿಚ್‌ಮಂಡ್ ದಾಟುವಾಗ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಅಂದಿದ್ದ: "ಅವ್ವಾ, ಮುಂದಿನ ವರ್ಷ ಇಬ್ಬರೂ ಸ್ಕೂಲಿಗೆ ಹೋಗ್ತಾರ. ಸಮ್ಮರ್‌ಗೆ ಒಬ್ಬರು ಬಂದ್ರ ಸಾಕು. ಯಾವ ಅಜ್ಜಿ ಬೇಕಂತ ಚಿರೂನ್ನ ಕೇಳೂಣು ಅಂತ."

"ಕೇಳ್ರೆಪಾ, ಅದ್ರಾಗೇನೈತಿ."

ಹಾಗೆಂದಾಗಿನಿಂದ ಅವಳ ಹೊಟ್ಟೆಯಲ್ಲಿ ಕೆಂಡ.

ನದಿಯ ಕಡೆ ಮುಖಮಾಡಿದ ಉದ್ದನೆಯ ಜಗುಲಿಯ ಮೇಲೆ ಗೈಡ್ ಕತೆ ಹೇಳುತ್ತಿದ್ದ. ಶರಣ ಕನ್ನಡಕ್ಕೆ ತಿರುಗಿಸುತ್ತಿದ್ದ. ಅಧ್ಯಕ್ಷರ ಹೆಂಡತಿ ತನ್ನ ಮೊಮ್ಮಕ್ಕಳಿಬ್ಬರನ್ನು ಈ ಮನೆಯಲ್ಲೇ ಸಾಕಿದಳಂತೆ.

"ಈಕಿಗೆ ಬೀಗಿತಿ ಇರಲಿಲ್ಲೇನು?" ಎಂದಳು ವಿದ್ಯಾವತಿ.

"ಅತ್ತೆ!" ಸೊಸೆ ನಮ್ರತಾ ನಕ್ಕಳು. ವಿದ್ಯಾವತಿ ನಗಲಿಲ್ಲ.

ಚಿರಂತನ್ ಕೈ ಎತ್ತಿ ಚೆರ್ರಿ ಮರದ ಬಗ್ಗೆ ಕೇಳಿದ. ಪುಟ್ಟ ವಾಷಿಂಗ್ಟನ್ ಅಪ್ಪನ ಮರಕ್ಕೆ ಕೊಡಲಿ ಹಾಕಿ, ಸುಳ್ಳು ಹೇಳಲಾರೆ ಎಂದು ಒಪ್ಪಿಕೊಂಡ ಕತೆ. ಅದು ನಡೆದದ್ದೇ ಅಲ್ಲ ಎಂದ ಗೈಡ್. ವಾಷಿಂಗ್ಟನ್ ತೀರಿಕೊಂಡ ಮೇಲೆ ಯಾರೋ ಪುಸ್ತಕದಲ್ಲಿ ಸೇರಿಸಿದ್ದು.

ಹುಡುಗನ ಕಣ್ಣು ಅರಳಿತು. "ಸೋ, ಯಾರೂ ಅವರನ್ನ ಕೇಳೋಕಾಗ್ಲಿಲ್ಲ?"

"ಇಲ್ಲೋ."

"ಆಂಡ್ ಎವ್ರಿಬಡಿ ಬಿಲೀವ್ಡ್ ಇಟ್?"

"ಎಲ್ಲಾರೂ ನಂಬಿದ್ರು," ಎಂದ ಶರಣ.

ಅಲ್ಲಿಂದ ಹುಡುಗ ಮಂಕಾದ. ಕಾರಿನಲ್ಲಿ ಅವಳ ಬಳೆ ತಿರುಗಿಸುತ್ತ ಕೂತ. ವಿಮಾನ ನಿಲ್ದಾಣ ಹತ್ತಿರವಾದಂತೆ ಕಿವಿಯಲ್ಲಿ ಕೇಳಿದ: "ಅಜ್ಜಿ, ನೀವು ಬೇಗ ಒಳಗೆ ಹೋಗ್ಬಿಡ್ತೀರಾ? ಮೈಸೂರು ಅಜ್ಜಿ ಬರೋಕ್ ಮುಂಚೆ? ಪ್ಲೀಸ್?"

ವಿದ್ಯಾವತಿ ಕಿಟಕಿಯತ್ತ ಮುಖ ತಿರುಗಿಸಿದಳು. ಆರು ತಿಂಗಳು ಎರೆದು, ಉಣ್ಣಿಸಿ, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡವಳು ಆ ಮೈಸೂರಿನವಳೆದುರು ನಿಲ್ಲುವುದೂ ಇವನಿಗೆ ಬೇಡ. ಮುಂದಿನ ವರ್ಷ ಶರಣ ಇವನನ್ನು ಏನು ಕೇಳುವುದು? ಉತ್ತರ ಸಿಕ್ಕಿಯಾಗಿತ್ತು.

ನಿಲ್ದಾಣ ತಲುಪಿದ ಮೇಲೂ ಅವಳು ಸೆಕ್ಯುರಿಟಿ ದಾಟಿ ಒಳಗೆ ಹೋಗಲಿಲ್ಲ. ಬೇಕೆಂದೇ ನಿಂತಳು.

ಕಾತ್ಯಾಯಿನಿ ಟ್ರಾಲಿ ತಳ್ಳಿಕೊಂಡು ಬಂದಳು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಬೂಟು, ಒಂದು ಕೈ ಸೊಂಟದ ಮೇಲೆ. ರಚನಾ ಓಡಿಹೋಗಿ ಅಪ್ಪಿಕೊಂಡಳು. ಚಿರಂತನ್ ಟ್ರಾಲಿಯ ಹಿಂದೆ ಸರಿದ. ಶರಣ ಕಾರು ತರಲು ಹೋದ. ನಮ್ರತಾ ರಚನಾಳನ್ನು ಬಾತ್‌ರೂಮಿಗೆ ಕರೆದೊಯ್ದಳು.

ಮಗಳು ಮರೆಯಾದದ್ದನ್ನು ನೋಡಿಕೊಂಡು ಕಾತ್ಯಾಯಿನಿ ದನಿ ತಗ್ಗಿಸಿದಳು.

"ಬೀಗಿತ್ತಿಯವರೇ, ತಪ್ಪು ತಿಳ್ಕೋಬೇಡಿ, ಒಂದು ಕೇಳ್ತೀನಿ. ಈ ವಯಸ್ಸಲ್ಲಿ ನೀವು ಜಾರುಬಂಡೆ ಹೇಗೆ ಜಾರ್ತೀರಿ? ಹೋದ ಸಲ ಬಂದಾಗ 'ಧಾರವಾಡ ಅಜ್ಜಿ ಜಾರ್ತಾರೆ, ಧಾರವಾಡ ಅಜ್ಜಿ ಜಾರ್ತಾರೆ' ಅಂತ ಇವನು ಪ್ರಾಣ ತಿಂದ. ನಾನೂ ಜಾರಿದೆ. ಸೊಂಟ ಹಿಡಿದಿದ್ದು ಇನ್ನೂ ಬಿಟ್ಟಿಲ್ಲ. ಆ ಎಬಿಸಿಡಿ ಕೋಡುಬಳೆ ಬೇರೆ! ನಿಮ್ಮ ಹಾಗೆ ಮಾಡೋಕೆ ನನಗೆ ಇವತ್ತಿನವರೆಗೂ ಬಂದಿಲ್ಲ ನೋಡಿ."

ಹೋದ ಸಲ! ಆಗಿನ್ನೂ ವಿದ್ಯಾವತಿ ಜಾರುಬಂಡೆಯ ಹತ್ತಿರವೂ ಸುಳಿದಿರಲಿಲ್ಲ.

ಸೂಟ್‌ಕೇಸಿನ ಮೇಲಿಂದ ಎರಡು ಪುಟ್ಟ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು, ಬೇಡಿಕೊಳ್ಳುತ್ತ.

ನಗು ಗಂಟಲವರೆಗೆ ಬಂತು. ಒಂದು ಮಾತು ಆಡಿದರೆ ಇಬ್ಬರು ಮುದುಕಿಯರಿಗೂ ಬಿಡುಗಡೆ. ಆಡಲೆಂದೇ ಬಾಯಿ ತೆರೆದಳು. ಆಗ ಬೀಗಿತ್ತಿಯ ಕಣ್ಣಿನಲ್ಲಿ ಅದೇ ಕೆಂಡ ಕಾಣಿಸಿತು. ಇಷ್ಟು ದಿನ ತನ್ನ ಹೊಟ್ಟೆ ಸುಟ್ಟದ್ದು ಇನ್ನೊಬ್ಬಳ ಮುಖದ ಮೇಲೆ ಎಷ್ಟು ಚೆಂದ! ಮುಂದಿನ ಬೇಸಿಗೆ ಇನ್ನೂ ಯಾರ ಪಾಲಿಗೂ ಬಿದ್ದಿಲ್ಲ. ಹುಡುಗ ಕಟ್ಟಿದ ಕತೆಗೆ ತಾನೂ ಒಂದು ತುಂಡು ಸೇರಿಸಿದಳು.

"ರೂಢಿ ಆದ್ರ ಏನೂ ಕಷ್ಟ ಇಲ್ರಿ," ಎಂದಳು ಮೆತ್ತಗೆ. "ಜಾರೂದು ಈಗ ಬಿಟ್ಟೀವಿ. ವಾರಕ್ಕ ಎರಡು ದಿನ ನಾನೂ ಅವನೂ ಈಜಾಕ ಹೋಗ್ತೀವಿ."